ಮೂರನೇ ಲೇನಿನ ಫ್ಯಾನು

ರೆಡ್ ವಿಲೋ
ಅಕ್ಟೋಬರ್ 6, 2025

ಪ್ರಿಯ ಕೋಚ್,

ನನ್ನ ಕೈಬರಹ ನೋಡಿ ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ. ಇಮೇಲ್ ಬಿಟ್ಟು ಕಾಗದ ಹಿಡಿದದ್ದಕ್ಕೆ ಕಾರಣವಿದೆ. ನಮ್ಮದು ಸರ್ಕಾರಿ ವಿಶ್ವವಿದ್ಯಾಲಯ. ಊರಿನ ಪತ್ರಿಕೆಯವರು ಒಂದು ಅರ್ಜಿ ಹಾಕಿದರೆ ಸಾಕು, ನಾನು ಮಧ್ಯಾಹ್ನದ ಊಟಕ್ಕೆ ಏನು ತರಿಸಿದೆ ಎಂಬ ಇಮೇಲ್ ಕೂಡ ಅವರ ಕೈಗೆ ಹೋಗುತ್ತದೆ. ಹಾಗಾಗಿ ಕ್ರೀಡಾ ವಿಭಾಗದಲ್ಲಿ ನಾವೆಲ್ಲ ಈಗ ಮತ್ತೆ ಪೆನ್ನು ಹಿಡಿಯಲು ಕಲಿಯುತ್ತಿದ್ದೇವೆ.

ವಿಷಯಕ್ಕೆ ಬರುತ್ತೇನೆ. ಈ ವರ್ಷ ವಿಭಾಗಕ್ಕೆ ಎಪ್ಪತ್ತು ಲಕ್ಷ ಡಾಲರ್ ಕೊರತೆ ಬಿದ್ದಿದೆ. ಸ್ಟೇಡಿಯಂನ ಪೂರ್ವಕ್ಕೆ ಕಟ್ಟಿದ ಹೊಸ ಆಸನಗಳು ತುಂಬುತ್ತಿಲ್ಲ. ಫುಟ್‌ಬಾಲ್ ಹುಡುಗರಿಗೆ ಈಗ ನಾವೇ ನೇರವಾಗಿ ಹಣ ಕೊಡಬೇಕು. ಹಿಂದಿನ ಫುಟ್‌ಬಾಲ್ ಕೋಚನ್ನು ಕರಾರು ಮುಗಿಯುವ ಮೊದಲೇ ಮನೆಗೆ ಕಳಿಸಿದೆವು, ಅವರಿಗೆ ಇನ್ನೂ ಎರಡು ವರ್ಷ ಸಂಬಳ ಹೋಗುತ್ತದೆ. ಆದರೂ ಫುಟ್‌ಬಾಲನ್ನು ಮುಟ್ಟುವ ಹಾಗಿಲ್ಲ, ಅದು ನಿಮಗೆ ಗೊತ್ತೇ ಇದೆ. ಕಾಲೇಜು ಕ್ರೀಡೆಯ ನಮ್ಮ ದರ್ಜೆಯಲ್ಲಿ ಉಳಿಯಲು ಹದಿನಾರು ಆಟಗಳಿದ್ದರೆ ಸಾಕು. ನಮ್ಮಲ್ಲಿ ಹತ್ತೊಂಬತ್ತಿವೆ. ಯಾವ ಮೂರನ್ನು ಕೈಬಿಡಬೇಕೆಂದು ಹೆಸರು ಬರೆದುಕೊಡುವ ಕೆಲಸವನ್ನು ನಮ್ಮ ನಿರ್ದೇಶಕ ಟ್ರಾವಿಸ್ ಕೆಲ್ಲರ್ಮನ್ ನನ್ನ ತಲೆಗೆ ಕಟ್ಟಿದ್ದಾರೆ. "ನೀನು ಶೂಟರ್ ಆಗಿದ್ದೋಳು, ಜೋಲೀನ್. ನಿಂಗೆ ಕೈ ನಡುಗಲ್ಲ ಬಿಡು" ಎಂದರು. ಹೊಗಳಿಕೆ ಎಂದುಕೊಂಡೇ ಹೇಳಿರಬೇಕು.

1993ರಲ್ಲಿ ಪುರುಷರ ಜಿಮ್ನಾಸ್ಟಿಕ್ಸ್ ಕೈಬಿಟ್ಟ ಸಮಿತಿಯಲ್ಲಿ ನೀವಿದ್ದಿರಿ. ಆಗ ನಾನು ನಿಮ್ಮ ರೈಫಲ್ ತಂಡದಲ್ಲಿ ಕೊನೆಯ ವರ್ಷದ ಹುಡುಗಿ, ನಮಗೆ ಒಳಗಿನದೇನೂ ತಿಳಿಯಲಿಲ್ಲ. ಇಂಥದ್ದನ್ನು ಹೇಗೆ ಮಾಡಬೇಕು, ಹೇಗೆ ಮಾಡಬಾರದು ಎಂದು ಬರೆಯಿರಿ. ಯಾವ ಆಟ ಎಂದು ಮಾತ್ರ ಕೇಳಬೇಡಿ.

ಹಾಗೆಯೇ ಒಂದು ಸಣ್ಣ ವಿಷಯ. ಹಳೆಯ ಜಿಮ್‌ನ ನೆಲಮಾಳಿಗೆಯಲ್ಲಿ ನಮ್ಮ ತಂಡ ಗುಂಡು ಹೊಡೆಯುವ ರೇಂಜಿನಲ್ಲಿ ಸೀಸದ ಹೊಗೆ ಎಳೆಯುವ ಫ್ಯಾನುಗಳ ಸ್ಥಿತಿ ಹೇಗಿದೆ ಎಂದು ವಿಮೆಯವರು ಕೇಳಿದ್ದಾರೆ. ನಿಮ್ಮಷ್ಟು ತಿಳಿದವರು ಬೇರೆ ಯಾರೂ ಇಲ್ಲ.

ಯೂಮಾದಲ್ಲಿ ಬಿಸಿಲು ಹೇಗಿದೆ? ಇಲ್ಲಿ ಆಗಲೇ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವ ದಿನಗಳು ಬಂದಿವೆ.

ನಿಮ್ಮ,
ಜೋಲೀನ್ ಬ್ರೆಕ್ಕೆ


ಯೂಮಾ, ಅರಿಝೋನಾ
ಅಕ್ಟೋಬರ್ 15, 2025

ಬ್ರೆಕ್ಕೆ,

ಮೊದಲು ಕಾನೂನು. ಕಾಗದವೂ ದಾಖಲೆಯೇ. ಪೆನ್ನಿನಲ್ಲಿ ಬರೆದೆಯೋ ಯಂತ್ರದಲ್ಲಿ ಬಡಿದೆಯೋ ಎಂದು ಕಾನೂನು ಕೇಳುವುದಿಲ್ಲ. ನಿಮ್ಮ ವಿಭಾಗದಲ್ಲಿ ಇಷ್ಟು ಜನ ಇದ್ದೂ ಇದನ್ನು ಒಬ್ಬರೂ ಓದಿಲ್ಲ ಎಂದರೆ ಎಪ್ಪತ್ತು ಲಕ್ಷ ಕೊರತೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು 1993. ಆಟಗಾರರಿಗೆ ಮೊದಲು ಹೇಳಬೇಕು, ಪತ್ರಿಕೆಗೆ ಆಮೇಲೆ. ಒಂದೇ ದಿನ ಎಲ್ಲ ಮುಗಿಸಬೇಕು. ನಿಂತುಕೊಂಡು ಹೇಳಬೇಕು. ಪಿಜ್ಜಾ ತರಿಸಬಾರದು. ನಾವು ತರಿಸಿದ್ದೆವು, ಹನ್ನೆರಡು ಡಬ್ಬಿ. ಹುಡುಗರು ಒಂದು ತುಂಡೂ ಮುಟ್ಟಲಿಲ್ಲ. ಆಮೇಲೆ ಸಮಿತಿಯವರು ನಾವೇ ಕಾರಿನಲ್ಲಿಟ್ಟುಕೊಂಡು ಮನೆಗೆ ಒಯ್ದೆವು. ಎರಡು ದಿನ ನನ್ನ ಮನೆಯಲ್ಲಿ ಅದೇ ಊಟ.

ಕಾರಣ ಕೇಳಿದರೆ ಹಣ ಎನ್ನಬೇಡ. ಹಣ ಎಂದರೆ ಹಳೆಯ ಆಟಗಾರರು ಚೆಕ್‌ಪುಸ್ತಕ ತೆಗೆದುಕೊಂಡು ಬರುತ್ತಾರೆ, ಆಮೇಲೆ ನಿಲ್ಲಿಸುವುದು ಕಷ್ಟ. ಕಟ್ಟಡದ ಮೇಲೆ ಹಾಕು. ಕಟ್ಟಡದ ಜೊತೆ ಯಾರೂ ವಾದ ಮಾಡುವುದಿಲ್ಲ. ರಿಂಗುಗಳನ್ನು ತೂಗುಹಾಕಿದ್ದ ತೊಲೆ ಭಾರ ತಡೆಯುವುದಿಲ್ಲ ಎಂದು ನಾವು ಬರೆದೆವು. ಜಿಮ್ನಾಸ್ಟಿಕ್ಸ್ ಕೋಚ್ ಲೆನ್ ಒಬ್ಬನೇ ಏಣಿ ಹತ್ತಿ ಆ ತೊಲೆಗೆ ಜೋತುಬಿದ್ದು, "ನೋಡ್ರೋ, ನಾನೇ ತೂಗ್ತಾ ಇದೀನಿ" ಎಂದು ಕೂಗಿದ. ಯಾರೂ ನೋಡಲಿಲ್ಲ. ತೊಲೆ ಈಗಲೂ ಅಲ್ಲೇ ಇದೆ.

ಫ್ಯಾನು. ಎಂಟು ಲೇನುಗಳಲ್ಲಿ ಏಳರ ಫ್ಯಾನುಗಳು ಹೊಗೆ ಚೆನ್ನಾಗಿ ಎಳೆಯುತ್ತವೆ. ಮೂರನೆಯದು, ಅಂದರೆ ನೀನು ನಾಲ್ಕು ವರ್ಷ ನಿಂತು ಹೊಡೆದ ಲೇನು, 2004ರಿಂದ ಸರಿಯಿಲ್ಲ. ದುರಸ್ತಿಗೆ ಮೂರು ಸಲ ಬರೆದೆ. ಮೂರು ಸಲವೂ ಫುಟ್‌ಬಾಲ್‌ನವರ ಬಟ್ಟೆ ಒಗೆಯುವ ಯಂತ್ರ ಮೊದಲು ಎಂದರು. ಆ ಲೇನು ಮುಚ್ಚಿ ಮುರಿದ ಕುರ್ಚಿಗಳನ್ನು ಪೇರಿಸಿದೆ. ಅಂದಿನಿಂದ ಅಲ್ಲಿ ಯಾರೂ ಗುಂಡು ಹೊಡೆದಿಲ್ಲ. ಪ್ರತಿ ವರ್ಷ ಮಕ್ಕಳ ರಕ್ತಪರೀಕ್ಷೆ ಮಾಡಿಸಿದ್ದೇನೆ, ಎಲ್ಲ ಸರಿಯಾಗಿತ್ತು.

ಯಾವ ಆಟ ಎಂದು ಕೇಳುವುದಿಲ್ಲ. ಆದರೆ ನಮ್ಮ ತಂಡದ ಪದ್ಧತಿ ನಿನಗೆ ನೆನಪಿರಬೇಕು: ಗುಂಡು ಹೊಡೆದವರು ಎಲ್ಲಿ ಬಿತ್ತೆಂದು ಮೊದಲು ಹೇಳಬೇಕು, ಪಕ್ಕದವರು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಆಮೇಲೆ ದುರ್ಬೀನಿನಲ್ಲಿ ನೋಡಬೇಕು. 1992ರಲ್ಲಿ ಕೊನೆಯ ಗುಂಡಿಗೆ ನೀನು "ಏಳು. ಎಡಕ್ಕೆ, ಕೆಳಗೆ. ನಾನೇ ಎಳೆದೆ" ಎಂದೆ. ಹತ್ತಕ್ಕೆ ಏಳೇ ಆಗಿತ್ತು, ಟ್ರಿಗರ್ ಜಗ್ಗಿದ ತಪ್ಪು ನಿನ್ನದೇ. ನಾವು ಪಂದ್ಯ ಸೋತೆವು, ಮತ್ತು ಮರುದಿನ ನಿನ್ನನ್ನು ನಾಯಕಿ ಮಾಡಿದೆ. ಆ ಲೆಕ್ಕದಲ್ಲಿ ನಾನೂ ಒಂದು ಮಾತು ಮೊದಲೇ ಹೇಳಿಡುತ್ತೇನೆ. ಇದರೊಳಗೆ ಅಂಟಿಸಿದ ಪುಟ್ಟ ಲಕೋಟೆ ಇದೆ. ಎಲ್ಲ ಮುಗಿದ ಮೇಲೆ ತೆರೆ.

ವೆಂಡೆಲ್ ಸ್ಟ್ರಾಂಡ್


ರೆಡ್ ವಿಲೋ
ನವೆಂಬರ್ 3, 2025

ಪ್ರಿಯ ಕೋಚ್,

ಪತ್ರ ತಲುಪಿತು. ಪಿಜ್ಜಾ ವಿಷಯ ಓದಿ ಒಬ್ಬಳೇ ನಕ್ಕೆ. ಲಕೋಟೆ ನನ್ನ ಮೇಜಿನ ಡ್ರಾಯರಿನಲ್ಲಿದೆ, ತೆರೆದಿಲ್ಲ.

ಕಳೆದ ವಾರ ಇಲ್ಲೊಂದು ನಾಟಕವಾಯಿತು. ಪಟ್ಟಿಯಲ್ಲಿ ಕುಸ್ತಿ ಇದೆಯೆಂದು ಯಾರೋ ಬಾಯಿಬಿಟ್ಟರು. ಸೋಮವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ನಲವತ್ತು ಪಿಕಪ್‌ಗಳು, ನಲವತ್ತು ಮಾಜಿ ಪೈಲ್ವಾನರು. ಎಲ್ಲರದೂ ಕುಸ್ತಿಯಲ್ಲಿ ಉಜ್ಜಿ ಮುದುಡಿದ ಕಿವಿ. ಒಬ್ಬರೂ ಕೂಗಲಿಲ್ಲ. ಕೈಕಟ್ಟಿ ನಿಂತಿದ್ದರು, ಅಷ್ಟೇ. ಅವರಲ್ಲಿ ಒಬ್ಬರು ರಾಜ್ಯದ ಸೆನೆಟರ್. ಟ್ರಾವಿಸ್ ಕಿಟಕಿಯ ಪರದೆ ಸರಿಸಿ ನೋಡಿ, "ಕುಸ್ತಿ ನಮ್ಮ ಪರಂಪರೆ ಕಣೇ" ಎಂದರು. ಹಿಂದಿನ ಗುರುವಾರದವರೆಗೂ ಅದು ಪರಂಪರೆಯಾಗಿರಲಿಲ್ಲ. ಈಗ ಪಟ್ಟಿಯಲ್ಲಿ ಎರಡೇ ಹೆಸರು, ಪುರುಷರ ಟೆನಿಸ್ ಮತ್ತು ಗಾಲ್ಫ್. ಮೂರನೆಯದು ಖಾಲಿ ಇದೆ.

ನಿಮ್ಮಿಂದ ಒಂದು ಉಪಕಾರ ಬೇಕು. ಮೂರನೇ ಲೇನಿನ ಫ್ಯಾನು 2004ರಿಂದ ಸರಿಯಿಲ್ಲ ಎಂಬ ಒಂದೇ ಸಾಲನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಕಳಿಸುತ್ತೀರಾ? ಹೆಚ್ಚೇನೂ ಬೇಡ, ಆ ಸಾಲೊಂದೇ ಸಾಕು. ಏಕೆಂದು ಈಗ ಕೇಳಬೇಡಿ.

ಜೋಲೀನ್


ಯೂಮಾ
ನವೆಂಬರ್ 12, 2025

ಬ್ರೆಕ್ಕೆ,

ಹಾಳೆ ಜೊತೆಗಿದೆ, ಸಹಿ ಮಾಡಿದ್ದೇನೆ. ನೀನು ಹೇಳಿದ ಹಾಗೆ ಒಂದೇ ಸಾಲು.

ಕೇಳಬೇಡ ಎಂದೆ, ಕೇಳುವುದಿಲ್ಲ. ಆದರೆ ಮುದುಕನಾದರೂ ದಡ್ಡನಲ್ಲ. ವಿಮೆಯ ನೆಪದಲ್ಲಿ ಹೊಸ ಫ್ಯಾನು ತರಿಸುತ್ತಿದ್ದೀಯ. ನಿವೃತ್ತನಾಗುವವರೆಗೆ ಹದಿಮೂರು ವರ್ಷ ನನ್ನಿಂದ ಆಗದ್ದು ನೀನು ಒಂದು ಹಾಳೆಯಲ್ಲಿ ಮಾಡಿಸುತ್ತೀಯ ಎಂದರೆ ಒಪ್ಪಲೇಬೇಕು, ನೀನು ಕಚೇರಿ ಸೇರಿದ್ದು ವ್ಯರ್ಥವಾಗಲಿಲ್ಲ. ಅಲ್ಲಿಯ ಕೊಳವೆ ಹದಿನಾಲ್ಕು ಅಂಗುಲದ್ದು. ಹನ್ನೆರಡರದು ತಂದು ಸುತ್ತ ಟೇಪು ಸುತ್ತಲು ಬಂದರೆ ವಾಪಸು ಕಳಿಸು. ಕುರ್ಚಿಗಳನ್ನು ಎಸೆಯುವಾಗ ಹಸಿರು ಬಣ್ಣದ್ದನ್ನು ಇಟ್ಟುಕೋ, ಅದರ ಒಂದು ಕಾಲು ಸರಿಮಾಡಿದರೆ ಇನ್ನೂ ಹತ್ತು ವರ್ಷ ಬರುತ್ತದೆ.

ಒಂದು ಮಾತು. ಹಾಳೆಯಲ್ಲಿ ಬರೆದಿಲ್ಲ, ಇಲ್ಲಿ ಮತ್ತೆ ಹೇಳುತ್ತೇನೆ: ಆ ಲೇನು ಅಂದಿನಿಂದಲೂ ಮುಚ್ಚಿದೆ. ಯಾರಾದರೂ ಕೇಳಿದರೆ ಅದನ್ನೂ ಸೇರಿಸಿ ಹೇಳು. ಇಲ್ಲದಿದ್ದರೆ ಹೆತ್ತವರು ಸುಮ್ಮನೆ ಹೆದರುತ್ತಾರೆ.

ಲಕೋಟೆಯಲ್ಲಿ ನಾನು ಬರೆದದ್ದು ಅರ್ಧ ತಪ್ಪಾಯಿತೆಂದು ಈಗ ಅನಿಸುತ್ತಿದೆ. ತಪ್ಪಾದದ್ದಕ್ಕೆ ಸಂತೋಷವೇ. ವಾಪಸು ಕೇಳುವ ಹಾಗಿಲ್ಲ, ಹೇಳಿದ್ದು ಹೇಳಿದ್ದೇ.

ಇಲ್ಲಿ ನಾವಿರುವ ಟ್ರೇಲರು ಮನೆಗಳ ಸಾಲಿನಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಚಳಿಗೆ ಹೆದರಿ ಬಂದವರು ದಿನವಿಡೀ ಚಳಿಯ ಬಗ್ಗೆಯೇ ಮಾತಾಡುತ್ತಾರೆ. ಈ ಸಂಜೆ ಅವರಿಗೆಲ್ಲ ಫ್ಯಾನಿನ ಸುದ್ದಿ ಹೇಳುವವನಿದ್ದೇನೆ, ಬೇಡವೆಂದರೂ.

ವೆಂಡೆಲ್ ಸ್ಟ್ರಾಂಡ್


ಯೂಮಾ
ಡಿಸೆಂಬರ್ 21, 2025

ಬ್ರೆಕ್ಕೆ,

ಕ್ರಿಸ್‌ಮಸ್ ಶುಭಾಶಯ. ಬಲಗಣ್ಣಿನ ಪೊರೆ ತೆಗೆಸಿದೆ. ಮೂವತ್ತೊಂದು ವರ್ಷ ಆ ಕಣ್ಣಿನಿಂದಲೇ ನಿಮ್ಮೆಲ್ಲರ ಗುರಿ ಹಲಗೆ ನೋಡಿದ್ದು. ಈಗ ಎದುರು ಸಾಲಿನ ಮನೆಗಳ ನಂಬರು ಓದಲು ಬರುತ್ತದೆ, ಓದಬೇಕಾದ್ದೇನೂ ಇಲ್ಲ. ಫ್ಯಾನು ಬಂತೇ? ಕೊಳವೆ ಹದಿನಾಲ್ಕು.

ವೆಂ. ಸ್ಟ್ರಾಂಡ್


ಯೂಮಾ
ಜನವರಿ 15, 2026

ಜೋಲೀನ್,

ನಿನ್ನೆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದಾಗ ಪಕ್ಕದ ಟ್ರೇಲರಿನ ವರ್ನಾ ಫೋನು ಹಿಡಿದುಕೊಂಡು ಬಂದಳು. "ವೆಂಡೆಲ್, ಇಲ್ನೋಡಿ, ನಿಮ್ ಟೀಮ್ ವಿಷ್ಯ ಬಂದಿದೆ. ಈ 'ಮಾಜಿ ಕೋಚ್' ಅಂದ್ರೆ ನೀವೇ ತಾನೆ?" ಎಂದಳು. ಹೊಸ ಕಣ್ಣಿನಲ್ಲಿ ಓದಿದ ಮೊದಲ ಸುದ್ದಿ, ನಿಮ್ಮ ವಿಭಾಗದ ಹೇಳಿಕೆ.

"ರೈಫಲ್ ತಂಡವನ್ನು ಈ ಋತುವಿನ ಕೊನೆಗೆ ನಿಲ್ಲಿಸಲಾಗುವುದು. ನೆಲಮಾಳಿಗೆಯ ಗಾಳಿ ವ್ಯವಸ್ಥೆಯಲ್ಲಿ 2004ರಿಂದಲೇ ದೋಷವಿದೆಯೆಂದು ಮಾಜಿ ಕೋಚ್ ಸ್ವತಃ ಲಿಖಿತವಾಗಿ ತಿಳಿಸಿದ್ದಾರೆ. ವಿದ್ಯಾರ್ಥಿಗಳ ಆರೋಗ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ."

ಬರೆದದ್ದು ಚೆನ್ನಾಗಿದೆ. ಸುಳ್ಳು ಒಂದೂ ಇಲ್ಲ. ಮುಚ್ಚಿದ ಲೇನಿನ ಮಾತೂ ಇಲ್ಲ.

ಟೇಬಲ್ಲಿನವರು ತಟ್ಟೆ ನೋಡಿಕೊಂಡು ಕೂತರು. ನನ್ನ ಕೈಕೆಳಗೆ ಮಕ್ಕಳು ಹದಿಮೂರು ವರ್ಷ ವಿಷ ಉಸಿರಾಡಿದರು, ನಾನು ಸುಮ್ಮನಿದ್ದೆ ಎಂದು ಅವರು ಓದಿಕೊಂಡಿದ್ದಾರೆ. ಬೇರೆ ಹೇಗೆ ಓದಿಕೊಳ್ಳಬೇಕು? ಈ ಬೆಳಿಗ್ಗೆ 2011ರ ತಂಡದ ಒಬ್ಬ ಹುಡುಗಿಯ ತಾಯಿ ಫೋನು ಮಾಡಿದಳು. ಮಗಳು ಈಗ ಬಸುರಿ. "ಅವ್ಳ ರಕ್ತದಲ್ಲಿ ಏನಾದ್ರೂ ಉಳ್ಕೊಂಡಿರತ್ತಾ, ಮಿಸ್ಟರ್ ಸ್ಟ್ರಾಂಡ್? ನಿಮ್ಗೆ ಗೊತ್ತಿತ್ತಾ?" ಎಂದು ಕೇಳಿದಳು. ಏನೂ ಇಲ್ಲವಮ್ಮ, ಆ ಲೇನು ಮುಚ್ಚಿತ್ತು ಎಂದೆ. ಅವಳು ನಂಬಲಿಲ್ಲ. ನನಗೆ ನಿನ್ನ ಮೇಲೆ ಕೋಪ ಬಂದಿದೆ. ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಇಷ್ಟು ಕೋಪ ಬರುತ್ತದೆಂದು ಗೊತ್ತಿರಲಿಲ್ಲ.

ಇನ್ನೊಂದು ಮಾತೂ ಹೇಳಬೇಕು. ಕಟ್ಟಡದ ಮೇಲೆ ಹಾಕು ಎಂದು ಕಲಿಸಿದವನು ನಾನೇ. ನಿನ್ನೆ ಲೆನ್‌ಗೆ ಫೋನು ಮಾಡೋಣವೆಂದು ಎದ್ದೆ. ಅವನು ಸತ್ತು ಆರು ವರ್ಷವಾಯಿತೆಂದು ನೆನಪಾದದ್ದು ಕನ್ನಡಕ ಹುಡುಕುವಾಗ. ಈಗ ಕನ್ನಡಕವೂ ಬೇಡ ಎನ್ನುವುದು ಅದಾದ ಮೇಲೆ ನೆನಪಾಯಿತು.

ಲಕೋಟೆ ತೆರೆಯಬಹುದು.

ವೆಂಡೆಲ್ ಸ್ಟ್ರಾಂಡ್


ರೆಡ್ ವಿಲೋ
ಜನವರಿ 26, 2026

ಪ್ರಿಯ ಕೋಚ್,

ನಿಮ್ಮ ಪತ್ರ ಬಂದು ಒಂದು ವಾರವಾಯಿತು. ನಾಲ್ಕು ಸಲ ಬರೆದು ಹರಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅಕ್ಟೋಬರಿನಲ್ಲಿ ಫ್ಯಾನಿನ ವಿಷಯ ಕೇಳಿದಾಗ ರೈಫಲ್ ಪಟ್ಟಿಯಲ್ಲಿರಲಿಲ್ಲ, ಆದರೆ ನನ್ನ ತಲೆಯಲ್ಲಿತ್ತು. ವಿಮೆಯವರು ಯಾರೂ ಏನೂ ಕೇಳಿರಲಿಲ್ಲ. ಕುಸ್ತಿ ತಪ್ಪಿದ ದಿನ ಟ್ರಾವಿಸ್ ಬಾಗಿಲು ಹಾಕಿ, "ಮೂರನೇ ಹೆಸರು ಕೊಡು. ಇಲ್ಲಾಂದ್ರೆ ಕಡಿತ ಮಾಡೋ ಹುದ್ದೆಗಳ ಇನ್ನೊಂದು ಪಟ್ಟಿ ನನ್ ಹತ್ರ ಇದೆ, ನಿನ್ ಹೆಸರು ಮೇಲಿಂದ ಎರಡನೇದು" ಎಂದರು. ನನಗೆ ಐವತ್ತನಾಲ್ಕು. ಹೆದರಿದೆ. ಒಂಬತ್ತೇ ಮಕ್ಕಳು, ಪ್ರೇಕ್ಷಕರಿಲ್ಲ, ಪಿಕಪ್‌ನಲ್ಲಿ ಬಂದು ನಿಲ್ಲುವವರಿಲ್ಲ. ರೈಫಲ್ ಎಂದು ಬರೆದೆ. ಉಳಿಯುವ ಹಣ ವರ್ಷಕ್ಕೆ ಒಂದು ಲಕ್ಷ ತೊಂಬತ್ತು ಸಾವಿರ. ಅದನ್ನು ಎಪ್ಪತ್ತು ಲಕ್ಷದಲ್ಲಿ ಹುಡುಕಬೇಕು. ಒಂಬತ್ತರಲ್ಲಿ ನಾಲ್ವರು ಹುಡುಗಿಯರು, ಕಾನೂನಿನ ಪ್ರಕಾರ ಇರಬೇಕಾದ ಹೆಣ್ಣುಮಕ್ಕಳ ಲೆಕ್ಕ ಕಡಿಮೆಯಾಗಬಾರದೆಂದು ಓಟದ ತಂಡದ ಕೋಚ್‌ಗೆ ನಾಲ್ಕು ಹೆಸರು ಹೆಚ್ಚಿಗೆ ಸೇರಿಸಲು ಹೇಳಿದ್ದಾರೆ. ಓಡಬೇಕೆಂದಿಲ್ಲ, ಹೆಸರಿದ್ದರೆ ಸಾಕಂತೆ.

ನಿಮ್ಮ ಪಾಠ ಒಂದನ್ನೂ ಬಿಡಲಿಲ್ಲ. ಹದಿನಾಲ್ಕರ ಬೆಳಿಗ್ಗೆ ರೇಂಜಿಗೆ ಹೋಗಿ ಮಕ್ಕಳಿಗೆ ಮೊದಲು ಹೇಳಿದೆ. ನಿಂತುಕೊಂಡೇ ಹೇಳಿದೆ. ಪಿಜ್ಜಾ ಇರಲಿಲ್ಲ. ಮೂರನೇ ಲೇನಿನ ಗಾಳಿ ಎಂದಾಗ ಎರಡನೇ ವರ್ಷದ ಒಬ್ಬಳು ಹಿಂದೆ ತಿರುಗಿ ನೋಡಿದಳು. "ಅಲ್ಲಿ ಬರೀ ಮುರ್ದೋಗಿರೋ ಕುರ್ಚಿ ಇದಾವೆ, ಮಿಸ್ ಬ್ರೆಕ್ಕೆ. ನಾವ್ಯಾರೂ ಅಲ್ಲಿ ನಿಂತೇ ಇಲ್ಲ. ನೀವು ಯಾವತ್ತಾದ್ರೂ ಈ ಜಾಗ ನೋಡಿದೀರಾ?" ಎಂದಳು. ನೋಡಿದ್ದೇನೆ ಎಂದೆ. ಅವಳ ತಲೆಯ ಮೇಲೆಯೇ, ಗೋಡೆಯ ಹಲಗೆಯಲ್ಲಿ, 1992ರ ನಾಯಕಿಯ ಹೆಸರಿದೆ. ಅವಳು ಅದನ್ನು ಓದಿಕೊಂಡಳು.

ಇಪ್ಪತ್ತನೇ ತಾರೀಖು ಪತ್ರಿಕೆಯವರ ಅರ್ಜಿ ಬಂತು. ಗಾಳಿ ವ್ಯವಸ್ಥೆಗೆ ಸಂಬಂಧಿಸಿದ ಎಲ್ಲ ಪತ್ರಗಳು ಬೇಕು, ಕೈಬರಹವೂ ಸೇರಿ. ಕೈಬರಹವೂ ಸೇರಿ ಎಂದು ಕೇಳಲು ಅವರಿಗೆ ಯಾರು ಹೇಳಿಕೊಟ್ಟರೋ ತಿಳಿಯದು. ಟ್ರಾವಿಸ್ ನನ್ನ ಬಾಗಿಲಲ್ಲಿ ನಿಂತು, "ಆ ಒಂದು ಹಾಳೆ ಬಿಟ್ರೆ ಬೇರೇನೂ ಇಲ್ಲ ತಾನೆ? ಇಲ್ಲ ಅಂತ ಬರ್ದು ಸಹಿ ಹಾಕ್ಬಿಡು" ಎಂದರು. ಇನ್ನೂ ಹಾಕಿಲ್ಲ.

ನಿನ್ನೆ, ಭಾನುವಾರ ಮಧ್ಯಾಹ್ನ, ಖಾಲಿ ಕಚೇರಿಗೆ ಹೋಗಿ ಲಕೋಟೆ ತೆರೆದೆ. ನೀವು ಬರೆದದ್ದನ್ನು ನೀವೇ ಮರೆತಿರಲಾರಿರಿ, ಆದರೂ ನಾನು ಓದಿದೆನೆಂದು ನಿಮಗೆ ತಿಳಿಯಲಿ ಎಂದು ಇಲ್ಲಿ ಎತ್ತಿ ಬರೆಯುತ್ತೇನೆ:

"ರೈಫಲ್ ಹೋಗುತ್ತದೆ. ಪತ್ರಿಕೆಗಿಂತ ಮೊದಲು ಬ್ರೆಕ್ಕೆ ನನಗೆ ಹೇಳುತ್ತಾಳೆ."

ರೈಫಲ್ ಹೋಗುತ್ತದೆಂದು ಅಕ್ಟೋಬರಿನಲ್ಲೇ ಗೊತ್ತಿದ್ದೂ ಮುಚ್ಚಿದ ಲೇನಿನ ವಿಷಯ ಬಿಡದೆ ಬರೆದಿರಿ. ನವೆಂಬರಿನಲ್ಲಿ ಫ್ಯಾನು ಬರುತ್ತದೆಂದು ನಂಬಿ, ಊಹೆ ತಪ್ಪಾಯಿತೆಂದು ಸಂತೋಷಪಟ್ಟಿರಿ. ತಪ್ಪಿದ್ದು ಆ ಅರ್ಧವಲ್ಲ, ಇನ್ನೊಂದು. ಆ ತಪ್ಪು ನಿಮ್ಮದಲ್ಲ. ಏಳು, ಎಡಕ್ಕೆ, ಕೆಳಗೆ. ನಾನೇ ಎಳೆದೆ.

ಇನ್ನು ನಾನು ಮಾಡಲಿರುವುದು. ನಿಮ್ಮ ಅಕ್ಟೋಬರ್ 15ರ ಮತ್ತು ನವೆಂಬರ್ 12ರ ಪತ್ರಗಳನ್ನೂ, ನಾನು ಬರೆದದ್ದರ ಪ್ರತಿಗಳನ್ನೂ ಒಂದು ಕವರಿಗೆ ಹಾಕಿದ್ದೇನೆ. ಮುಚ್ಚಿದ ಲೇನಿನ ಮಾತು ಎರಡರಲ್ಲೂ ಇದೆ. 1993ರ ತೊಲೆಯ ಕಥೆಯೂ ಇದೆ, ಅದನ್ನು ತೆಗೆಯುವ ಹಾಗಿಲ್ಲ. ಅದು ನಿಮಗೆ ನೋವು ಕೊಡುತ್ತದೆಂದು ಗೊತ್ತು. ಕವರನ್ನು ಇವತ್ತೇ ಕೊಡಬಹುದಿತ್ತು, ಕೊಟ್ಟಿಲ್ಲ. ಈ ಪತ್ರ ಶುಕ್ರವಾರ ನಿಮಗೆ ತಲುಪಬೇಕು. ಕವರು ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪತ್ರಿಕೆಯ ಕೈಗೆ ಹೋಗುತ್ತದೆ, ನಾನೇ ನಡೆದುಕೊಂಡು ಹೋಗಿ ಕೊಡುತ್ತೇನೆ.

ನೋಡುವ ಮೊದಲೇ ಹೇಳಿಬಿಡುತ್ತೇನೆ, ಬರೆದುಕೊಳ್ಳಿ: ರೈಫಲ್ ಉಳಿಯುವುದಿಲ್ಲ. ನನ್ನ ಕೆಲಸ ಹೋಗುತ್ತದೆ. 2011ರ ತಂಡದ ಆ ಹುಡುಗಿಯ ತಾಯಿ ನಿಮಗೆ ಮತ್ತೆ ಫೋನು ಮಾಡುತ್ತಾಳೆ.

ಜೋಲೀನ್ ಬ್ರೆಕ್ಕೆ


ಯೂಮಾ
ಜನವರಿ 29, 2026

ಬ್ರೆಕ್ಕೆ,

ಶುಕ್ರವಾರ ಎಂದಿದ್ದೆ, ಗುರುವಾರವೇ ಬಂತು. ತೊಲೆಯ ಕಥೆ ಇರಲಿ, ಲೆನ್‌ನ ಮಗ ಇನ್ನೂ ಆ ಊರಿನಲ್ಲೇ ಇದ್ದಾನೆ, ಓದಲಿ.

ನೀನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಸೋಮವಾರದವರೆಗೆ ನೋಡುವುದಿಲ್ಲ.

ವೆಂಡೆಲ್ ಸ್ಟ್ರಾಂಡ್